ಬಳೆಚೂರು ಕೌದಿಯ ಮಾಸಿದ ಎಸಳು

ಗುಬ್ಬಿಯ ಸಂತೆ ಮೈದಾನದ ಹಿಂದಿನ ಬೀದಿ. ಇನ್ನೂ ಹೊತ್ತು ಹುಟ್ಟಿಲ್ಲ. ಡೇರಿಯ ಮುಂದೆ ಹಾಲಿನ ಕ್ಯಾನುಗಳ ಸದ್ದು ಬಿಟ್ಟರೆ ಬೀದಿಯಲ್ಲಿ ಬೇರೆ ಸದ್ದಿಲ್ಲ. ಹಂಚಿನ ಮನೆಯೊಂದರ ಜಗಲಿಯ ಮೇಲೆ ನೇತ್ರಾವತಿ ಕಾಲು ಚಾಚಿ ಕೂತಿದ್ದಾರೆ. ತೊಡೆಯ ಮೇಲೆ ದೊಡ್ಡದೊಂದು ಕೌದಿ, ಬಲಗೈಯಲ್ಲಿ ಅರ್ಧ ಮುರಿದ ಬ್ಲೇಡು. ಹೊಲಿಗೆಯ ಒಂದು ದಾರವನ್ನು ಬ್ಲೇಡಿನ ತುದಿಯಿಂದ ಎತ್ತಿ, ಚಕ್ಕೆಂದು ಕತ್ತರಿಸಿ, ಎಳೆದು ಪಕ್ಕದ ತಟ್ಟೆಗೆ ಹಾಕುತ್ತಾರೆ. ಮತ್ತೊಂದು ದಾರ. ಮತ್ತೊಂದು. ಕೊನೆಗೆ ಹೊಳೆಯುವ ಹಸಿರು ಬಟ್ಟೆಯ ಮೂರು ಮೂಲೆಯ ತುಂಡೊಂದು ಕೈಗೆ ಬರುತ್ತದೆ. ಅದನ್ನು ಮುಖದ ಹತ್ತಿರ ಹಿಡಿದು ಒಮ್ಮೆ ನೋಡಿ, ಕಸದ ಪುಟ್ಟಿಗೆ ಎಸೆಯುತ್ತಾರೆ.

ಹೊಲಿಯುವ ಕೈಯನ್ನು ನೋಡಲೆಂದು ತುಮಕೂರಿನಿಂದ ಮೊದಲ ಬಸ್ಸಿಗೆ ಬಂದಿದ್ದೇನೆ. ಕಾಣುತ್ತಿರುವುದು ಬಿಚ್ಚುವ ಕೈ.

"ಕೂತ್ಕಳಿ ಮೇಡಂ," ಎನ್ನುತ್ತಾರೆ, ತಲೆ ಎತ್ತದೆ. "ಕಾಪಿ ಆಮೇಲೆ ಕೊಡ್ತೀನಿ. ಬಿಸ್ಲು ಬರೋದ್ರೊಳಗೆ ಈ ಸಾಲು ಮುಗೀಬೇಕು. ಬಿಸ್ಲು ಬಿದ್ರೆ ಎಲ್ಲಾ ಬಣ್ಣನೂ ಹೊಳೀತವೆ, ಯಾವ್ದು ಹೊಸ್ದು ಯಾವ್ದು ಹಳೇದು ಗೊತ್ತಾಗಕ್ಕಿಲ್ಲ. ಈ ಬೆಳಕಲ್ಲಿ ಮಾಸಿರೋದು ಮಾಸಿದಂಗೇ ಕಾಣ್ತದೆ."

ಸಂಪಾದಕರು ನನ್ನನ್ನು ಕಳುಹಿಸುವಾಗ, "ಭಾನುವಾರದ ಪುರವಣಿ, ಸ್ವಲ್ಪ ಪಾಸಿಟಿವ್ ಆಗಿರಲಿ" ಎಂದಿದ್ದರು. ಕ್ಷಮಿಸಬೇಕು, ಆಗುವುದಿಲ್ಲ. ಈ ಹೆಂಗಸು ಬಿಚ್ಚುತ್ತಿರುವುದು ತಾನೇ ಹೊಲಿದ ಕೌದಿಯನ್ನು. ಅದಕ್ಕೆ ತಾನು ಹಾಕದ ಬಟ್ಟೆಯನ್ನು ಬೇರೆಯವರು ಹಾಕಿದ್ದಾರೆ, ತಾನು ಹಾಕಿದ್ದನ್ನು ಕಿತ್ತು ಬಿಸಾಕಿದ್ದಾರೆ. ಅದೂ ಆಕೆಗೆ ಸನ್ಮಾನ ಮಾಡುವ ಸಲುವಾಗಿ. ಸೋಮವಾರ ಈ ಮನೆಯಲ್ಲಿ ಒಂದು ಮಗುವನ್ನು ತೊಟ್ಟಿಲಿಗೆ ಹಾಕುತ್ತಾರೆ. ಆ ತೊಟ್ಟಿಲಿಗೆ ಹಾಸಬೇಕಾದ ಕೌದಿ ಇದು. ಅಷ್ಟರೊಳಗೆ ಇದು ಮೊದಲಿನಂತೆ ಆಗಬೇಕು. ಆಗುವುದಿಲ್ಲ ಎಂಬುದು ಆಕೆಗೂ ಗೊತ್ತು, ಆದರೂ ಕೂತಿದ್ದಾರೆ.

ನಮ್ಮ ಪುರವಣಿಯ ಅಂಕಣದ ಹೆಸರು ಹೇಳಿದಾಗ ಆಕೆ ಮೊದಲ ಸಲ ತಲೆ ಎತ್ತಿದರು. "ಎಲೆಮರೆ ಕಾಯಾ? ಯಾವ ಎಲೆ ಮೇಡಂ? ರಸ್ತೆ ಪಕ್ಕ ಜಗಲಿ ಮೇಲೆ ಕೂತಿದೀನಿ. ಹಾಲ್ನೋನಿಗೆ ಕಾಣ್ತೀನಿ, ಸ್ಕೂಲಿಗೋಗೋ ಐಕ್ಳಿಗೆ ಕಾಣ್ತೀನಿ. ನಿಮ್ಗೆ ಕಾಣ್ಲಿಲ್ಲ ಅಂದ್ರೆ ಅದ್ಕೆ ನಾನೇನ್ ಮಾಡ್ಲಿ." ನಾನು ಅದನ್ನೂ ಬರೆದುಕೊಂಡೆ.

ನೇತ್ರಾವತಿಗೆ ಐವತ್ತು ದಾಟಿದೆ. ಗಂಡ ಓಬಳಯ್ಯ ತೆಂಗಿನಕಾಯಿ ಮಂಡಿಯಲ್ಲಿ ಕಾಯಿ ಆರಿಸುವ ಕೆಲಸ ಮಾಡುತ್ತಾರೆ. ಹಗಲೆಲ್ಲ ಆಕೆ ಸೀರೆಗೆ ಫಾಲ್ ಹಚ್ಚುತ್ತಾರೆ, ರವಿಕೆ ಬಿಗಿ ಮಾಡುತ್ತಾರೆ, ಪ್ಯಾಂಟಿನ ಜಿಪ್ಪು ಬದಲಿಸುತ್ತಾರೆ. ಕೌದಿಗೆ ಸಿಗುವುದು ಬೆಳಗಿನ ಜಾವ ಮಾತ್ರ. ಈ ಭಾಗದಲ್ಲಿ ಕೌದಿ ಹೊಲಿಯುವವರು ಇಲ್ಲವೆಂದಲ್ಲ, ಹಳೆ ಸೀರೆ ಹಳೆ ಪಂಚೆ ಒಟ್ಟಿ ದಪ್ಪ ದಾರದಲ್ಲಿ ಓಟದ ಹೊಲಿಗೆ ಹಾಕುವುದು ಎಲ್ಲರ ಮನೆಯಲ್ಲೂ ಇತ್ತು. ಈಕೆಯದು ಅದಲ್ಲ. ಈಕೆಯದನ್ನು ಬೀದಿಯವರು ಬಳೆಚೂರು ಕೌದಿ ಎನ್ನುತ್ತಾರೆ.

ಆ ಹೆಸರು ಬಂದದ್ದು ಅಪ್ಪನಿಂದ. ಅಪ್ಪ ಚಿಕ್ಕರಂಗಯ್ಯ ಗುಬ್ಬಿ ಸಂತೆಯಲ್ಲಿ ಬಳೆ ಮಾರುತ್ತಿದ್ದವರು. ಒಡೆದ ಬಳೆಗಳನ್ನು ಬಿಸಾಡದೆ, ಮೂರು ಕನ್ನಡಿ ಪಟ್ಟಿ ಸೇರಿಸಿ ರಟ್ಟಿನ ಕೊಳವೆಯೊಳಗೆ ಕೂರಿಸಿ, ತಳಕ್ಕೆ ಬಳೆಚೂರು ಹಾಕಿ ಮಗಳ ಕೈಗೆ ಕೊಟ್ಟಿದ್ದರು. ಕಣ್ಣಿಗೆ ಹಿಡಿದು ತಿರುಗಿಸಿದರೆ ಹೂವು, ಇನ್ನೊಂದಿಷ್ಟು ತಿರುಗಿಸಿದರೆ ಬೇರೆ ಹೂವು. ಇಂಥ ಕೊಳವೆ ಹಿಡಿದುಕೊಂಡು ಓಡಾಡದ ಮಕ್ಕಳಿರಲಿಲ್ಲ. ನೇತ್ರಾವತಿ ಮಾತ್ರ ಅದನ್ನು ಮರೆಯಲಿಲ್ಲ. ಮದುವೆಯಾಗಿ, ಅತ್ತೆಯ ಜೊತೆ ಕೌದಿ ಹೊಲಿಯಲು ಕೂತಾಗ, ಒಂದೇ ಪ್ರಿಂಟಿನ ಆರು ತುಂಡುಗಳನ್ನು ಮೂಲೆಗೆ ಮೂಲೆ ಸೇರಿಸಿ ಸುತ್ತ ಜೋಡಿಸಿದರೆ ಕೊಳವೆಯೊಳಗಿನ ಹೂವು ನೆಲದ ಮೇಲೆ ಬರುತ್ತದೆ ಎಂಬುದು ಆಕೆಗೆ ಹೊಳೆಯಿತು. ಅತ್ತೆ, "ಇರೋ ಬಟ್ಟೆನೆಲ್ಲ ಚೂರು ಮಾಡ್ತಾಳಲ್ಲಪ್ಪ" ಎಂದು ಬೀದಿಗೆಲ್ಲ ಕೇಳುವಂತೆ ಬೈದರಂತೆ.

ಕೆಲಸ ಹೀಗೆ. ಒಂದೇ ಪ್ರಿಂಟಿನ ಆರು ಸೀರೆ ಬೇಕು. ಆರನ್ನೂ ಒಂದರ ಮೇಲೊಂದು ಹರಡಬೇಕು, ಚಿತ್ರದ ಮೇಲೆ ಚಿತ್ರವೇ ಬರಬೇಕು. ಈ ಕೌದಿಯ ಸೀರೆಗಳಲ್ಲಿ ಹಸಿರು ಬಣ್ಣದ ಮೇಲೆ ಗಿಳಿ, ಗಿಳಿಯ ಕೊಕ್ಕಿನಲ್ಲಿ ದಾಳಿಂಬೆ. ನೇತ್ರಾವತಿ ಮೇಲಿನ ಗಿಳಿಯ ಕಣ್ಣಿಗೆ ಸೂಜಿ ಚುಚ್ಚಿದರೆ ಅದು ಆರೂ ಗಿಳಿಗಳ ಕಣ್ಣಿನ ಮೂಲಕ ಇಳಿದು ತಳಕ್ಕೆ ಬರಬೇಕು. ಬರದಿದ್ದರೆ ಬಟ್ಟೆಗಳನ್ನು ಮತ್ತೆ ಸರಿಸಬೇಕು. ಆಮೇಲೆ ಗುಂಡುಪಿನ್ನು ಹಾಕಿ, ರಟ್ಟಿನ ಅಚ್ಚು ಇಟ್ಟು, ಮೂರು ಮೂಲೆಯ ತುಂಡು ಕತ್ತರಿಸಬೇಕು. ಒಂದು ಕತ್ತರಿಗೆ ಆರು ಎಸಳು ಸಿಗುತ್ತವೆ. ಆರನ್ನೂ ಸುತ್ತ ಜೋಡಿಸಿದರೆ ಒಂದು ಹೂವು. ಕತ್ತರಿಸುವ ಜಾಗ ಎರಡು ಬೆರಳು ಆಚೆ ಹೋದರೆ ಹೂವೇ ಬೇರೆ. ಒಂದರಲ್ಲಿ ಕೊಕ್ಕುಗಳೆಲ್ಲ ಕೂಡಿ ನಕ್ಷತ್ರವಾಗಿವೆ, ಇನ್ನೊಂದರಲ್ಲಿ ದಾಳಿಂಬೆಯ ತೊಟ್ಟುಗಳು ಬಳೆಯಾಗಿವೆ. ಕೌದಿಯ ತುಂಬ ಅವೇ ಗಿಳಿ, ಅವೇ ದಾಳಿಂಬೆ, ಆದರೆ ಒಂದು ಹೂವಿನಂತೆ ಇನ್ನೊಂದಿಲ್ಲ.

ಒಂದೇ ಪ್ರಿಂಟಿನ ಆರು ಸೀರೆ ಬಡವರ ಬೀದಿಯಲ್ಲಿ ಎಲ್ಲಿ ಸಿಗಬೇಕು ಎಂದು ಕೇಳಬಹುದು. ಹೆಂಗಸರ ಸಂಘಗಳನ್ನು ನೋಡಿದವರು ಕೇಳುವುದಿಲ್ಲ. ಸಂಘದ ವಾರ್ಷಿಕೋತ್ಸವ ಬಂದರೆ ಎಲ್ಲರಿಗೂ ಒಂದೇ ಥರದ ಸೀರೆ. ಆವತ್ತು ಉಟ್ಟು ಫೋಟೊ ತೆಗೆಸಿಕೊಂಡ ಮೇಲೆ ಒಬ್ಬೊಬ್ಬರ ಸೀರೆಗೆ ಒಂದೊಂದು ಗತಿ. ನೇತ್ರಾವತಿಯ ಕೌದಿಯ ಗುಟ್ಟು ಇರುವುದು ಇಲ್ಲಿ.

"ಈ ಹೂವ ನೋಡಿ," ಎಂದು ಆಕೆ ಕೌದಿಯ ಒಂದು ಮೂಲೆಯನ್ನು ನನ್ನ ತೊಡೆಯ ಮೇಲೆ ಎಳೆಯುತ್ತಾರೆ. "ಈ ಎಸ್ಳು ಚಿಕ್ಕಮಾರಮ್ಮನ ಸೀರೇದು. ಉಟ್ಟೇ ಇಲ್ಲ ಪುಣ್ಯಾತ್ಗಿತ್ತಿ, ಟ್ರಂಕಲ್ಲಿ ಇಟ್ಟವ್ಳೆ, ಅದ್ಕೇ ಹೊಸ್ದಂಗೈತೆ. ಇದು ಪ್ರಮೀಳಂದು, ಅರಿಶಿನದ ಕಲೆ ಹೋಗೇ ಇಲ್ಲ. ಇದು ಪುಟ್ಟಗಂಗಮ್ಮಂದು, ಅವ್ಳು ಎಲ್ಲಾದ್ಕೂ ಬ್ಲೀಚಿಂಗ್ ಪೌಡ್ರು ಹಾಕ್ತಾಳೆ. ಪಕ್ಕದ್ದು ಹನುಮಕ್ಕಂದು, ಆಮೇಲೆ ನಂದು. ಇಲ್ಲೊಂದು ಇತ್ತಲ್ಲ, ಅದು ಚಿಕ್ಕಗಂಗಮ್ಮಂದು."

ಆ ಜಾಗದಲ್ಲಿ ಈಗ ಬಿಳಿ ಅಸ್ತರು ಕಾಣುತ್ತಿದೆ.

ಪ್ರತಿ ಹೂವಿನಲ್ಲೂ ಆರು ಹೆಂಗಸರು. ಚಿತ್ರ ಒಂದೇ, ಮಾಸಿದ ಪರಿ ಬೇರೆ ಬೇರೆ. ಎಲ್ಲರಿಗಿಂತ ಮಾಸಿದ್ದು ಚಿಕ್ಕಗಂಗಮ್ಮನ ಸೀರೆ. ಆಕೆ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುತ್ತಿದ್ದವರು, ನೇತ್ರಾವತಿಯ ಎದುರು ಮನೆಯವರು. ಇರುವುದೇ ನಾಲ್ಕು ಸೀರೆ, ಸಂಘದ್ದೆಂದು ಎತ್ತಿಡುವ ಪೈಕಿಯಲ್ಲ. ಒಲೆಯ ಮುಂದೆ ಅದನ್ನೇ ಉಟ್ಟರು, ಬಂಡೆಯ ಮೇಲೆ ಒಗೆದರು, ಸುಡುಬಿಸಿಲಲ್ಲಿ ಒಣಗಿಸಿದರು. ಗಿಳಿಯ ಹಸಿರು ಹೋಗಿ ಹಾಲಿನ ಕೆನೆಯ ಬಣ್ಣ ಬಂದಿತ್ತು. ಬಟ್ಟೆ ಮಾತ್ರ ಬೆಣ್ಣೆಯಷ್ಟು ಮೆತ್ತಗಾಗಿತ್ತು. ಹೋದ ವರ್ಷ ಯುಗಾದಿಗೆ ಮುಂಚೆ ಎದೆ ನೋವು ಎಂದು ಕೂತವರು ಏಳಲಿಲ್ಲ. ಗಂಡ ಮೊದಲೇ ಇರಲಿಲ್ಲ. ಉಳಿದದ್ದು ಒಬ್ಬಳೇ ಮಗಳು ಅರುಣಾ. ಕುಣಿಗಲ್ಲಿಗೆ ಮದುವೆ ಮಾಡಿಕೊಟ್ಟಿದ್ದರು.

ಈ ಬೀದಿಯಲ್ಲಿ ಒಂದು ಪದ್ಧತಿ. ಚೊಚ್ಚಲ ಮಗುವನ್ನು ತೊಟ್ಟಿಲಿಗೆ ಹಾಕುವಾಗ ಕೆಳಗೆ ತವರಿನ ಕೌದಿ ಹಾಸಬೇಕು. ಹೊಸ ಬಟ್ಟೆ ಆಗುವುದಿಲ್ಲ, ಉಟ್ಟು ಒಗೆದು ಮೆತ್ತಗಾದ ಸೀರೆಯೇ ಆಗಬೇಕು. ಹಾಸುವವಳು ಮಗುವಿನ ಅಜ್ಜಿ. ಅರುಣಾ ಬಸುರಿ ಎಂದು ತಿಳಿದ ದಿನವೇ ಸಂಘದ ಹೆಂಗಸರು ಮಾತಾಡಿಕೊಂಡರು. ಬಾಣಂತನ ನೇತ್ರಾವತಿಯ ಮನೆಯಲ್ಲಿ. ಕೌದಿಗೆ ಆರು ಜನದ ಸೀರೆ, ಚಿಕ್ಕಗಂಗಮ್ಮನ ಒಂದೇ ಒಂದು ಸೀರೆ ಕೌದಿಯ ಎಲ್ಲ ಹೂವಿಗೂ ಸಾಲುವಂತೆ ಕತ್ತರಿಸಬೇಕು. ಸಾಲಿತು. ಕೊನೆಗೆ ಅದರ ಒಂದು ಚೂರೂ ಉಳಿಯಲಿಲ್ಲ.

"ಅಜ್ಜಿ ಇಲ್ದಿದ್ರೇನು, ಅಜ್ಜಿ ಸೀರೆ ಮೇಲೆ ಮಗ ಮಲಗ್ತದೆ ಅಂತ ಅಷ್ಟೂ ಹೂವಲ್ಲೂ ಅವಳ್ನ ಕೂರಿಸಿದ್ದೆ," ಎನ್ನುತ್ತಾರೆ ನೇತ್ರಾವತಿ. ಬ್ಲೇಡು ಸ್ವಲ್ಪ ಹೊತ್ತು ನಿಲ್ಲುತ್ತದೆ. ಮತ್ತೆ ಚಕ್ಕೆಂದು ಇನ್ನೊಂದು ದಾರ.

ಕೌದಿ ಮುಗಿದಾಗ ಬಂದವರು ತುಮಕೂರಿನ ಒಂದು ಕರಕುಶಲ ಸಂಸ್ಥೆಯವರು. ಸಂಸ್ಥೆಯ ಹೆಸರು ಬರೆಯುವುದಿಲ್ಲ. ಬರೆಯಬೇಡಿ ಎಂದವರು ನೇತ್ರಾವತಿಯೇ. "ಹೆಸ್ರು ಹಾಕುದ್ರೆ ಅವ್ರಿಗೆ ಪ್ರಚಾರ ಆಗ್ತದೆ. ಅದಕ್ಕೇ ಅವ್ರು ಬರೋದು." ನಗರದಲ್ಲಿ ಎರಡು ದಿನದ ಪ್ರದರ್ಶನ, ಕೌದಿಯನ್ನು ಗೋಡೆಗೆ ಹಾಕುತ್ತೇವೆ, ಮೂರನೇ ದಿನ ವಾಪಸು ಎಂದರು. ಆಕೆಗೆ ಮನಸ್ಸಿರಲಿಲ್ಲ. ಅರುಣಾ ತುಂಬಿದ ಹೊಟ್ಟೆ ಹೊತ್ತು ಬಂದಿದ್ದವಳು, "ಕೊಡಿ ದೊಡ್ಡಮ್ಮ, ನಮ್ಮಮ್ಮನ್ನೂ ನಾಕ್ ಜನ ನೋಡ್ಲಿ" ಎಂದಳು. ಆ ಮಾತಿಗೆ ಕಟ್ಟುಬಿದ್ದು ಕೊಟ್ಟರು.

ಮುಂದಿನದನ್ನು ಓದುಗರು ಸಮಾಧಾನದಿಂದ ಓದಬೇಕೆಂದು ನಾನು ಕೇಳಿಕೊಳ್ಳುವುದಿಲ್ಲ. ನನಗೇ ಸಮಾಧಾನವಿಲ್ಲ.

ಪ್ರದರ್ಶನದ ದಿನ ನೇತ್ರಾವತಿಯನ್ನು ವೇದಿಕೆಗೆ ಕರೆದರು. ಮೈಸೂರು ಪೇಟ ಇಟ್ಟರು, ಶಾಲು ಹೊದಿಸಿದರು, ಹಣ್ಣಿನ ಬುಟ್ಟಿ ಕೊಟ್ಟರು. ಹಿಂದೆ ಗೋಡೆಯ ಮೇಲೆ ಕೌದಿ, ಅದರ ಮೇಲೆ ದೊಡ್ಡ ದೀಪ. ಶಾಲು ಹೊದಿಸುವಾಗ ಆಕೆ ಹೆಗಲ ಮೇಲಿಂದ ತಿರುಗಿ ನೋಡಿದರು. ಏನೋ ಸರಿಯಿಲ್ಲ. ಪ್ರತಿ ಹೂವಿನಲ್ಲೂ ಒಂದು ಎಸಳು ಕಣ್ಣಿಗೆ ಹೊಡೆಯುವಂತೆ ಹೊಳೆಯುತ್ತಿದೆ. ಫೋಟೊದವನು ಈ ಕಡೆ ತಿರುಗಿ ಅಮ್ಮ ಎನ್ನುತ್ತಿದ್ದಾನೆ. ಆಕೆ ಸಭೆಗೆ ಬೆನ್ನು ಹಾಕಿ ಗೋಡೆಯ ಹತ್ತಿರ ಹೋದರು, ಪೇಟ ಜಾರಿ ಬಿತ್ತು. ಎಸಳಿನ ಮೇಲೆ ಕೈಯಾಡಿಸಿದರು. ಬಟ್ಟೆ ಗರಿಗರಿಯಾಗಿತ್ತು, ಗಂಜಿ ಹೋಗದ ಹೊಸ ಬಟ್ಟೆ. ಕೊಕ್ಕು ಕೊಕ್ಕಿಗೆ ಕೂಡಿರಲಿಲ್ಲ.

"ನಾಲ್ಕು ಮಾತಾಡಿ" ಎಂದು ಯಾರೋ ಮೈಕು ತಂದು ಬಾಯಿಗೆ ಹಿಡಿದರು. ಆಕೆ ಕೇಳಿದ್ದು ಒಂದೇ.

"ಚಿಕ್ಕಗಂಗಮ್ಮನ್ನ ಏನ್ ಮಾಡುದ್ರಿ?"

ಸಭೆಯವರು ಯಾರೋ ಹೆಂಗಸು ಜನಜಂಗುಳಿಯಲ್ಲಿ ತಪ್ಪಿಸಿಕೊಂಡಿದ್ದಾಳೆ ಎಂದುಕೊಂಡರು. ನಿರೂಪಕರು, "ಅಮ್ಮನವರು ಭಾವುಕರಾಗಿದ್ದಾರೆ, ಜೋರಾದ ಚಪ್ಪಾಳೆ" ಎಂದರು. ಚಪ್ಪಾಳೆ ಬಿತ್ತು. ಅದನ್ನು ಹೇಳುವಾಗ ನೇತ್ರಾವತಿಯ ಮೂಗಿನ ಹೊಳ್ಳೆ ಇವತ್ತಿಗೂ ಅರಳುತ್ತದೆ. "ಚಪ್ಪಾಳೆ ತಟ್ಟುದ್ರು ಮೇಡಂ. ನಾನು ಒಬ್ಬ ಹೆಂಗ್ಸು ಏನಾದ್ಲು ಅಂತ ಕೇಳ್ತಿದೀನಿ, ಅವ್ರು ಚಪ್ಪಾಳೆ ತಟ್ಟುದ್ರು."

ಆದದ್ದು ಇಷ್ಟು. ಪ್ರದರ್ಶನದ ಉಸ್ತುವಾರಿ ಹೊತ್ತಿದ್ದ ಹೇಮಶ್ರೀ ಎಂಬ ಯುವತಿಗೆ ಪ್ರತಿ ಹೂವಿನಲ್ಲೂ ಒಂದು ಎಸಳು ಬಣ್ಣಗೆಟ್ಟಿರುವುದು ಕಂಡಿದೆ. ಹಳೆ ಬಟ್ಟೆ, ಹಾಳಾಗಿದೆ, ಪಾಪ ಬಡವರು ಎಂದುಕೊಂಡಿದ್ದಾಳೆ. ಮಂಡಿಪೇಟೆಯ ಅಂಗಡಿ ಅಂಗಡಿ ಅಲೆದು ಅದೇ ಪ್ರಿಂಟಿನ ಹೊಸ ಥಾನು ಹುಡುಕಿದ್ದಾಳೆ. ಟೈಲರ್ ಒಬ್ಬರಿಗೆ ಕೊಟ್ಟು, ಮಾಸಿದ್ದನ್ನೆಲ್ಲ ಕಿತ್ತು ಹೊಸತು ಹಾಕಿಸಿದ್ದಾಳೆ. ಚಿಕ್ಕಗಂಗಮ್ಮ ಹೋದದ್ದು ಹಾಗೆ.

ನಾನು ಹೇಮಶ್ರೀಗೆ ಫೋನು ಮಾಡಿದೆ. ಕೆಟ್ಟವಳಲ್ಲ, ಅದೇ ಸಿಟ್ಟು ಬರಿಸುವ ಸಂಗತಿ. "ಎಷ್ಟು ಅಂಗಡಿ ಸುತ್ತಿದೆ ಗೊತ್ತಾ ಮೇಡಂ? ಎಕ್ಸಾಕ್ಟ್ ಸೇಮ್ ಪ್ರಿಂಟ್ ಸಿಕ್ಕಾಗ ಕುಣಿದಾಡಿಬಿಟ್ಟೆ. ಆಂಟಿಗೆ ಸರ್‌ಪ್ರೈಸ್ ಆಗ್ಲಿ ಅಂತ ಹೇಳ್ಲಿಲ್ಲ. ನಮ್ಮ ಇಂಟೆನ್ಷನ್ ಒಳ್ಳೇದೇ ಇತ್ತು." ಇರಬಹುದು. ಒಳ್ಳೆಯ ಉದ್ದೇಶ ಇಟ್ಟುಕೊಂಡವರು ಒಂದು ಮಾತು ಕೇಳಿದ್ದರೆ ಗಂಟೇನು ಹೋಗುತ್ತಿತ್ತು? ಗುಬ್ಬಿ ತುಮಕೂರಿನಿಂದ ಎಷ್ಟು ದೂರ? ಆಕೆಯ ಹತ್ತಿರ ನೇತ್ರಾವತಿಯ ನಂಬರು ಇತ್ತು. ಬಡವರ ಮನೆಯ ವಸ್ತು ಮಾಸಿದ್ದರೆ ಅದು ಬಡತನವೇ ಇರಬೇಕು, ಬೇರೆ ಕಾರಣ ಇರಲಾರದು ಎಂದು ನಮ್ಮಲ್ಲಿ ಓದಿದವರು ಮೊದಲೇ ತೀರ್ಮಾನ ಮಾಡಿಬಿಟ್ಟಿರುತ್ತಾರೆ. ಹಾಗಾಗಿ ಕೇಳುವುದಿಲ್ಲ. ಸರಿ ಮಾಡಿಬಿಡುತ್ತಾರೆ. ಸರಿ ಮಾಡಿದ ಮೇಲೆ ಶಾಲು ಹೊದಿಸುತ್ತಾರೆ.

ತಪ್ಪು ತಿಳಿದ ಮೇಲೆ ಸಂಸ್ಥೆ ಮಾಡಿದ ಪರಿಹಾರವನ್ನೂ ಕೇಳಿ. ಅದೇ ಪ್ರಿಂಟಿನ ಇಡೀ ಒಂದು ಥಾನು ಕಳುಹಿಸಿಕೊಟ್ಟಿದೆ. ನೇತ್ರಾವತಿಯ ಮನೆಯ ಬಾಗಿಲು ಗಾಳಿಗೆ ಬಡಿದುಕೊಳ್ಳದಂತೆ ಆ ಥಾನನ್ನು ಸಂದಿಗೆ ಒತ್ತಿ ಇಟ್ಟಿದ್ದಾರೆ. ಸನ್ಮಾನದ ಶಾಲನ್ನು ಇಸ್ತ್ರಿ ಮೇಜಿಗೆ ಹಾಸಿದ್ದಾರೆ.

ವಿಷಯ ತಿಳಿದ ಮೇಲೆ ಸಭೆಯಿಂದ ನೇತ್ರಾವತಿ ನೇರ ಹೋದದ್ದು ಟೈಲರ್ ಹತ್ತಿರ. ಟೈಲರ್ ಹೆಸರು ಕಾಂತೇಶ್, ಅಂಗಡಿ ತುಮಕೂರಿನ ಒಂದು ಓಣಿಯಲ್ಲಿ. ಕಿತ್ತ ಎಸಳುಗಳು ಎಲ್ಲಿ ಎಂದರೆ, ಚಿಂದಿ ಮೂಟೆಗೆ ಹಾಕಿದೆ ಎಂದ. ಮೂಟೆ ಎಲ್ಲಿ ಎಂದರೆ, ಕುಣಿಗಲ್ ಗ್ಯಾರೇಜಿನವರು ಒರೆಸುವ ಬಟ್ಟೆಗೆಂದು ತೆಗೆದುಕೊಂಡು ಹೋದರು ಎಂದ. "ನಂದೇನ್ ತಪ್ಪು ಅಕ್ಕ, ಮೇಡಂ ಕೀಳು ಅಂದ್ರು, ಕಿತ್ತೆ" ಎಂದು ಮಿಷನ್ನು ತುಳಿಯುತ್ತಲೇ ಹೇಳಿದ.

"ಅವನೂ ಹೊಲಿಯೋನೇ," ಎನ್ನುತ್ತಾರೆ ನೇತ್ರಾವತಿ. "ಆ ಹುಡ್ಗಿಗಾದ್ರೂ ಗೊತ್ತಿಲ್ಲ ಅಂತಿಟ್ಕಳಿ. ಇವನ್ಗೆ ಗೊತ್ತಾಗ್ಬೇಡ್ವಾ? ಒಂದು ಹೂವಲ್ಲಿ ಮಾಸಿದ್ರೆ ಬಟ್ಟೆ ಹಳೇದು ಅನ್ಬೋದು. ಅಷ್ಟೂ ಹೂವಲ್ಲೂ ಒಂದೊಂದೇ ಎಸ್ಳು ಮಾಸೈತೆ ಅಂದ್ರೆ ಯಾರೋ ಬೇಕೂ ಅಂತ್ಲೇ ಇಕ್ಕವ್ರೆ ಅಂತ ಕೈಗೆ ಗೊತ್ತಾಗ್ಬೇಡ್ವಾ?"

ಮರುದಿನ ಓಬಳಯ್ಯ ಮಂಡಿಗೆ ರಜೆ ಹಾಕಿ ಹೆಂಡತಿಯ ಜೊತೆ ಕುಣಿಗಲ್ ಬಸ್ಸು ಹತ್ತಿದರು. ಓಬಳಯ್ಯ ಮಾತು ಕಡಿಮೆ. ಆ ಪ್ರಯಾಣದ ಬಗ್ಗೆ ಕೇಳಿದರೆ, "ದಾರಿಯುದ್ದಕ್ಕೂ ಬೈತಿದ್ಲು. ಯಾರ್ನ ಅಂತ ಕಂಡಕ್ಟ್ರಿಗೆ ಗೊತ್ತಾಗ್ದೆ ಟಿಕೀಟು ಕೊಡಕ್ಕೂ ಹೆದ್ರುತಿದ್ದ" ಎಂದಷ್ಟೇ ಹೇಳಿದರು.

ಗ್ಯಾರೇಜು ಇರುವುದು ಹೆದ್ದಾರಿಯ ಪಕ್ಕ, ಕೆರೆಯ ಗಾಳಿ ಬೀಸುವ ಕಡೆ. ಯಜಮಾನ ರಂಗನಾಥ್ ಲಾರಿಯ ಅಡಿಯಿಂದ ತೆವಳಿಕೊಂಡು ಬಂದು ಮಾತು ಕೇಳಿದನಂತೆ. ಮೊದಲು ಅವನೂ ರೇಗಿದ. "ಬಟ್ಟೆ ಬಂದ್ರೆ ಒರೆಸ್ತೀವಮ್ಮ. ಇದ್ಯಾರ್ ಸೀರೆ, ಇದ್ಯಾರ್ ಸೀರೆ ಅಂತ ಕೇಳ್ಕೊಂಡು ಒರೆಸಕ್ಕಾಯ್ತದಾ?" ನೇತ್ರಾವತಿ ಉತ್ತರ ಕೊಡದೆ ಬಟ್ಟೆಯ ಡ್ರಮ್ಮಿಗೆ ಕೈ ಹಾಕಿದರು. ಮೊಣಕೈವರೆಗೆ ಗ್ರೀಸು. ರಂಗನಾಥ್ ಸ್ವಲ್ಪ ಹೊತ್ತು ನೋಡಿದ. ಆಮೇಲೆ ಒಂದು ಟಾರ್ಪಾಲು ತಂದು ನೆಲಕ್ಕೆ ಹಾಸಿ, ಡ್ರಮ್ಮನ್ನು ಎತ್ತಿ ಅದರ ಮೇಲೆ ಮಗುಚಿದ. ಕೆಲಸ ನಿಲ್ಲಿಸಿ ಅವನೂ ಕೂತು ಆರಿಸಿದ. ಹೆಸರು, ಫೋಟೊ ಏನೂ ಕೇಳಲಿಲ್ಲ. ಕೇಳಿದ್ದು ಒಂದೇ ಪ್ರಶ್ನೆ: "ಅದ್ರ ಗುರ್ತೇನು, ಹೇಳಿ." ಈ ಇಡೀ ವ್ಯವಹಾರದಲ್ಲಿ ಆಕೆಗೆ ಪ್ರಶ್ನೆ ಕೇಳಿದ ಮೊದಲ ಮನುಷ್ಯ ಆ ಮೆಕ್ಯಾನಿಕ್.

ಸಿಕ್ಕಿದ್ದು ಅರ್ಧದಷ್ಟು. ಉಳಿದವು ಅಷ್ಟರಲ್ಲೇ ಇಂಜಿನ್ನು ಒರೆಸಿ, ಬೆಂಕಿಗೆ ಬಿದ್ದು, ಹೋಗಿದ್ದವು.

ಆ ಎಸಳುಗಳು ಈಗ ಜಗಲಿಯ ಮೇಲೆ ಅಲ್ಯುಮಿನಿಯಂ ಬೇಸನ್ನಿನಲ್ಲಿವೆ. ಸೀಮೆಎಣ್ಣೆ ಹಾಕಿ ತಿಕ್ಕಿದ್ದಾರೆ, ಸೀಗೆಪುಡಿ ಹಾಕಿ ಕುದಿಸಿದ್ದಾರೆ, ಸೋಪಿನ ಪುಡಿಯಲ್ಲಿ ನೆನೆಹಾಕಿದ್ದಾರೆ, ಮತ್ತೆ ಮತ್ತೆ ಒಗೆದಿದ್ದಾರೆ. ಎಣ್ಣೆಯ ಜಿಡ್ಡು ಹೋಗಿದೆ, ವಾಸನೆ ಹೋಗಿದೆ, ಕಪ್ಪು ಹೋಗಿಲ್ಲ. ಕೆನೆಬಣ್ಣದ ಗಿಳಿಯ ರೆಕ್ಕೆಯ ಮೇಲೆ ಹೊಗೆ ಹಿಡಿದಂಥ ಕಲೆ. ನೇತ್ರಾವತಿಯ ಸಿಟ್ಟೆಲ್ಲ ಈಗ ಆ ಕಲೆಯ ಮೇಲಿದೆ. ಎಳೆಮಗುವಿನ ಕೆಳಗೆ ಇದನ್ನು ಹಾಕುವುದಾದರೂ ಹೇಗೆ? ಹಾಕದಿದ್ದರೆ ಅಜ್ಜಿಯಿಲ್ಲದ ಕೌದಿಯನ್ನು ಹಾಸುವುದಾದರೂ ಹೇಗೆ? ಬಿಚ್ಚುವುದನ್ನು ಬಿಚ್ಚುತ್ತಿದ್ದಾರೆ, ಹೊಲಿಯುವುದಕ್ಕೆ ಕೈ ಬರುತ್ತಿಲ್ಲ.

ಬೆಳಗಾಗುತ್ತದೆ. ಬಿಸಿಲು ಜಗಲಿಯ ಅಂಚಿಗೆ ಬಂದಾಗ ಒಳಗಿನಿಂದ ಅರುಣಾ ಬರುತ್ತಾಳೆ. ಕಿವಿಗೆ ಹತ್ತಿ, ತಲೆಗೆ ಬಟ್ಟೆ ಕಟ್ಟಿದ ಬಾಣಂತಿ. ಮಗು ತುಮಕೂರಿನ ಆಸ್ಪತ್ರೆಯಲ್ಲಿ ಹುಟ್ಟಿ ಇನ್ನೂ ತಿಂಗಳಾಗಿಲ್ಲ. ಹೊರಗೆ ಬರಬೇಡ, ಗಾಳಿ ಎಂದು ನೇತ್ರಾವತಿ ಗದರುತ್ತಾರೆ. ಅರುಣಾ ಕೇಳದೆ ಬೇಸನ್ನಿನ ಪಕ್ಕ ಕೂತು ಒಂದು ಎಸಳನ್ನು ಎತ್ತಿಕೊಳ್ಳುತ್ತಾಳೆ. ಮೂಗಿಗೆ ಹಿಡಿದು ನೋಡುತ್ತಾಳೆ. ಕಪ್ಪನ್ನು ಹೆಬ್ಬೆರಳಿನಿಂದ ಉಜ್ಜಿ ನೋಡುತ್ತಾಳೆ, ಬೆರಳಿಗೆ ಹತ್ತುವುದಿಲ್ಲ.

"ಇದ್ನೇ ಹಾಕಿ ದೊಡ್ಡಮ್ಮ."

"ಕಪ್ಪು ಐತೆ ಕಣೇ."

"ನಮ್ಮಮ್ಮನ ಸೆರಗು ಯಾವತ್ತು ಕಪ್ಪಿಲ್ದೆ ಇತ್ತು? ಸ್ಕೂಲಿಂದ ಬಂದ್ರೆ ಮೈಯೆಲ್ಲ ಮಸಿ. ಅದ್ರಲ್ಲೇ ನನ್ ಮೂತಿ ಒರೆಸ್ತಿದ್ಲು. ನಾನೇನ್ ಸತ್ತೋದ್ನಾ?" ಎಸಳನ್ನು ನೇತ್ರಾವತಿಯ ತೊಡೆಯ ಮೇಲಿಟ್ಟು, "ಹಾಕಿ ಬುಡಿ" ಎಂದು ಎದ್ದು ಒಳಗೆ ಹೋಗುತ್ತಾಳೆ.

ನೇತ್ರಾವತಿ ಬ್ಲೇಡನ್ನು ತಟ್ಟೆಗೆ ಹಾಕುತ್ತಾರೆ. ಆಮೇಲೆ ಸೆರಗಿನಿಂದ ಸೂಜಿ ತೆಗೆದು ಅರುಣಾ ಇಟ್ಟುಹೋದ ಎಸಳನ್ನು ಹೂವಿನ ಖಾಲಿ ಜಾಗಕ್ಕೆ ಇಡುತ್ತಾರೆ. ಕೊಕ್ಕು ಕೊಕ್ಕಿಗೆ ಕೂಡುವವರೆಗೆ ಉಗುರಿನಿಂದ ಸರಿಸುತ್ತಾರೆ. ಮೊದಲ ಹೊಲಿಗೆ ಬೀಳುತ್ತದೆ. ಸಿಗದ ಎಸಳುಗಳ ಜಾಗ ಏನು ಮಾಡುತ್ತೀರಿ ಎಂದು ನಾನು ಕೇಳುತ್ತೇನೆ.

"ಹಂಗೇ ಬುಡ್ತೀನಿ. ಅಸ್ತರು ಕಾಣ್ಲಿ. ಹಲ್ಲು ಬಿದ್ದ ಬಾಯಂಗೆ ಕಾಣ್ಲಿ. ಯಾಕಿಂಗಾಯ್ತು ಅಂತ ಕೇಳಿದೋರ್ಗೆ ಹೇಳಕ್ಕೆ ಜಾಗ ಬೇಕಲ್ಲ."

ಇಂಥ ಲೇಖನದಲ್ಲಿ ಅಂಕಿಅಂಶ ಇರಬೇಕು. ಇದುವರೆಗೆ ಎಷ್ಟು ಕೌದಿ ಹೊಲಿದಿದ್ದೀರಿ, ಒಂದಕ್ಕೆ ಎಷ್ಟು ದಿನ ಹಿಡಿಯುತ್ತದೆ ಎಂದೆಲ್ಲ ಬರೆದುಕೊಂಡು ಹೋಗಿದ್ದೆ. ಆಕೆಗೆ ಗೊತ್ತಿಲ್ಲ. ಈ ಬೀದಿಯಲ್ಲಿ, ಆಚೆ ಬೀದಿಯಲ್ಲಿ, ಕುಣಿಗಲ್ ಕಡೆ ಹುತ್ರಿದುರ್ಗದವರೆಗೆ ಈಕೆಯ ಕೌದಿಯ ಮೇಲೆ ಮಲಗಿದ ಮಕ್ಕಳಿದ್ದಾರೆ ಎಂಬುದಷ್ಟೇ ಗೊತ್ತು. ಯಾವ ಕೌದಿಯಲ್ಲಿ ಯಾರ್ಯಾರ ಸೀರೆಯಿದೆ ಎಂದು ಕೇಳಿದರೆ ಮಾತ್ರ ತಡೆಯದೆ ಹೇಳುತ್ತಾರೆ. ಆ ಪ್ರಶ್ನೆ ನನ್ನ ಪಟ್ಟಿಯಲ್ಲಿ ಇರಲಿಲ್ಲ.

ಸೋಮವಾರ ಮತ್ತೆ ಹೋಗುತ್ತೇನೆ. ಮನೆಯ ತುಂಬ ಹೆಂಗಸರು. ಕರೆಯದಿದ್ದರೂ ಕುಣಿಗಲ್ಲಿನಿಂದ ರಂಗನಾಥ್ ಬಂದಿದ್ದಾನೆ, ಉಗುರಿನ ಸಂದಿಯಲ್ಲಿ ಗ್ರೀಸು ಹಾಗೇ ಇದೆ. ತೊಲೆಗೆ ತೊಟ್ಟಿಲು ಕಟ್ಟಿದೆ. ಕೌದಿ ಹಾಸುವ ಹೊತ್ತು ಬಂದಾಗ ಎಲ್ಲರೂ ನೇತ್ರಾವತಿಯನ್ನು ನೋಡುತ್ತಾರೆ. ಆಕೆ ಒಬ್ಬರೇ ಮುಂದೆ ಹೋಗುವುದಿಲ್ಲ. ಚಿಕ್ಕಮಾರಮ್ಮ ಒಂದು ಕಡೆ, ಪ್ರಮೀಳಾ ಒಂದು ಕಡೆ, ಪುಟ್ಟಗಂಗಮ್ಮ, ಹನುಮಕ್ಕ, ಐವರೂ ಕೂಡಿ ಅಂಚು ಹಿಡಿಯುತ್ತಾರೆ. ಒಂದು ಜಾಗವನ್ನು ಯಾರೂ ಹಿಡಿಯುವುದಿಲ್ಲ. ಅಲ್ಲಿ ಕೌದಿ ಸ್ವಲ್ಪ ಜೋಲುತ್ತದೆ. ಹಾಗೆಯೇ ಎತ್ತಿ ತೊಟ್ಟಿಲಿಗೆ ಹಾಸುತ್ತಾರೆ. ಹೊಗೆಗಪ್ಪಿನ ಗಿಳಿಗಳೂ ಬಿಳಿಯ ಖಾಲಿ ಜಾಗಗಳೂ ಮೇಲ್ಮುಖವಾಗಿ ಕಾಣುತ್ತವೆ. ಅರುಣಾ ಮಗುವನ್ನು ಮಲಗಿಸುತ್ತಾಳೆ. ಮಗು ಯಾವ ಗೌರವವನ್ನೂ ತೋರಿಸದೆ ಒಂದೇ ನಿಮಿಷದಲ್ಲಿ ಒದ್ದೆ ಮಾಡುತ್ತದೆ. ಹೆಂಗಸರು ನಗುತ್ತಾರೆ. ನೇತ್ರಾವತಿ ನಕ್ಕದ್ದನ್ನು ನಾನು ಮೊದಲ ಸಲ ನೋಡಿದ್ದು ಆಗಲೇ.

ಊಟದ ಹೊತ್ತಿಗೆ ನೇತ್ರಾವತಿಯ ಫೋನು ಹೊಡೆದುಕೊಳ್ಳುತ್ತದೆ. ಹೇಮಶ್ರೀ. ಕೈಯಲ್ಲಿ ಅನ್ನದ ಪಾತ್ರೆ ಇದ್ದುದರಿಂದ ಸ್ಪೀಕರ್ ಹಾಕುತ್ತಾರೆ, ಪಂಕ್ತಿಗೆಲ್ಲ ಕೇಳುತ್ತದೆ. ಬೆಂಗಳೂರಿನಲ್ಲಿ ದೊಡ್ಡ ಪ್ರದರ್ಶನವಂತೆ. ಅದೇ ಕೌದಿ ಬೇಕಂತೆ. "ಈ ಸಲ ಏನೂ ಚೇಂಜ್ ಮಾಡಲ್ಲ ಆಂಟಿ, ಪ್ರಾಮಿಸ್. ಕಲೆ ಇದ್ರೂ ಇರ್ಲಿ. ಈಗ ಅದಕ್ಕೊಂದು ಸ್ಟೋರಿ ಇದೆಯಲ್ಲ, ಜನಕ್ಕೆ ತುಂಬಾ ಟಚ್ ಆಗುತ್ತೆ."

ಪಂಕ್ತಿಯಲ್ಲಿ ಕೂತವರ ಕೈ ಎಲೆಯ ಮೇಲೆ ನಿಲ್ಲುತ್ತದೆ. ಬೈಗುಳಕ್ಕೆ ಕಾಯುತ್ತಿದ್ದೇವೆ. ನೇತ್ರಾವತಿ ದನಿ ಏರಿಸುವುದಿಲ್ಲ.

"ಮಗ ಅದ್ರ ಮೇಲೆ ಉಚ್ಚೆ ಹುಯ್ದವ್ನೆ ಕಣಮ್ಮ. ತೊಳ್ದು ಹಿತ್ಲಲ್ಲಿ ಹರವೀನಿ. ಮತ್ತೆ ಹುಯ್ತಾನೆ, ಮತ್ತೆ ತೊಳೀತೀನಿ. ನೋಡ್ಬೇಕು ಅನ್ನೋರು ಗುಬ್ಬಿಗೆ ಬರ್ಲಿ, ಮಗ ಎದ್ದಿರೋವಾಗ ತೋರಿಸ್ತೀನಿ. ಎಲ್ಗೂ ಕಳ್ಸಕ್ಕಿಲ್ಲ." ಸೌಟು ಕೈಗೆತ್ತಿಕೊಂಡು, "ನೀನೂ ಬಾ. ಬಂದಾಗ ಏನಾರ ಮುಟ್ಟೋಕೆ ಮುಂಚೆ ಕೇಳು" ಎಂದು ಫೋನು ಇಟ್ಟು, ಮುಂದಿನ ಎಲೆಗೆ ಅನ್ನ ಬಡಿಸುತ್ತಾರೆ.

ಹೊರಡುವಾಗ ನಾನು, ಪತ್ರಿಕೆಯಲ್ಲಿ ಮುಖ್ಯವಾಗಿ ಏನು ಬರಬೇಕೆಂದು ನಿಮ್ಮ ಆಸೆ ಎಂದು ಕೇಳುತ್ತೇನೆ. ಹಿತ್ತಲಿನ ತಂತಿಯ ಮೇಲೆ ಕೌದಿ ತೊಟ್ಟಿಕ್ಕುತ್ತಿದೆ. ಆಕೆ ಅದರ ಸುಕ್ಕು ಬಿಡಿಸುತ್ತ ಯೋಚಿಸುತ್ತಾರೆ.

"ಹೆಸ್ರು ಹಾಕಿ. ನನ್ನೊಬ್ಬಳದೇ ಹಾಕ್ಬೇಡಿ, ಆರ್ ಜನದ್ದೂ ಹಾಕಿ."

ಜಾಗ ಸಾಲದಿದ್ದರೆ ಆಫೀಸಿನಲ್ಲಿ ಲೇಖನವನ್ನು ಕೊನೆಯಿಂದ ಕತ್ತರಿಸುತ್ತಾರೆ, ಅದು ನನ್ನ ಕೈಯಲ್ಲಿಲ್ಲ ಎಂದು ಇದ್ದದ್ದನ್ನು ಹೇಳುತ್ತೇನೆ.

"ಕತ್ರಿಸ್ತಾರಾ?" ಎಂದು ಆಕೆ ತಿರುಗುತ್ತಾರೆ. ಬೆಳಗಿನ ಜಾವದ ಆ ಸಿಟ್ಟು ಮತ್ತೆ ಮುಖಕ್ಕೆ ಬರುತ್ತದೆ. "ಹಂಗಾದ್ರೆ ಅವಳ್ದು ಮೊದ್ಲು ಬರ್ಕಳಿ. ಅವಳ್ನ ಒಂದ್ಸಲ ಕಿತ್ತವ್ರೆ, ಇನ್ನೊಂದ್ಸಲ ಕೀಳಬಾರ್ದು. ನಂದು ಕಡೇಗೆ ಇರ್ಲಿ. ಹೋದ್ರೆ ನಂದು ಹೋಗ್ಲಿ."

ಆಕೆ ಹೇಳಿದ ಕ್ರಮದಲ್ಲೇ ಬರೆಯುತ್ತಿದ್ದೇನೆ. ಚಿಕ್ಕಗಂಗಮ್ಮ. ಹನುಮಕ್ಕ. ಪುಟ್ಟಗಂಗಮ್ಮ. ಪ್ರಮೀಳಾ. ಚಿಕ್ಕಮಾರಮ್ಮ. ನೇತ್ರಾವತಿ.